ಒಲೆಯಿಲ್ಲದ ಭಾರತೀಯ ಮನೆ

ಮನೆ ಕಟ್ಟಿಸುವ ಮಾತು ಶುರುವಾದರೆ ಸಾಕು, ನುಣುಪು ಕಾಗದದ ವಾಸ್ತುಶಿಲ್ಪ ಪತ್ರಿಕೆಗಳು ನಮ್ಮ ಟೀಪಾಯಿಯ ಮೇಲೆ ಬಂದು ಕೂರುತ್ತವೆ. ಅವುಗಳಲ್ಲಿ ತಪ್ಪದೆ ಒಂದು 'ಅಪ್ಪಟ ಭಾರತೀಯ ಮನೆ' ಇರುತ್ತದೆ: ಹೆಂಚಿನ ಮಾಡು, ಕೆತ್ತನೆಯ ಕಂಬ, ಕಂಚಿನ ಉರುಳಿಯಲ್ಲಿ ತೇಲುವ ಹೂವು. ಚಿತ್ರ ಚೆಂದವೇ. ಆದರೆ ಪಾಯಸ ಕಾಯಿಸಬೇಕಾದ ಉರುಳಿಯಲ್ಲಿ ಹೂವಿದ್ದರೆ ಆ ಮನೆಯ ಅಡುಗೆ ಯಾವುದರಲ್ಲಿ ಬೇಯುತ್ತದೆ ಎಂದು ನಮ್ಮಂಥ ಹೆಂಗಸರಿಗೆ ಅನ್ನಿಸದಿರುತ್ತದೆಯೇ?

ಕಟ್ಟಡದ ಮೂಲಕ ದೇಶವನ್ನು ತೋರಿಸುವ ಕೆಲಸವೇನೂ ಹೊಸತಲ್ಲ. ಸ್ವಾತಂತ್ರ್ಯ ಹೊಸ್ತಿಲಲ್ಲಿದ್ದ 1946ರಲ್ಲಿ ಮುಂಬಯಿಯಲ್ಲಿ ಮುಲ್ಕ್ ರಾಜ್ ಆನಂದರ ಸಂಪಾದಕತ್ವದಲ್ಲಿ 'ಮಾರ್ಗ್' ಪತ್ರಿಕೆ ಆರಂಭವಾಯಿತು. 'ಮಾಡರ್ನ್ ಆರ್ಕಿಟೆಕ್ಚರಲ್ ರಿಸರ್ಚ್ ಗ್ರೂಪ್' ಎಂಬುದರ ಮೊದಲಕ್ಷರಗಳು ಸೇರಿ ಆದ ಹೆಸರು. ದಾರಿ ಎಂಬ ಅರ್ಥವೂ ಕೂಡಿಬಂತು. ಹಳೆಯ ಶಿಲ್ಪವನ್ನೂ ಹೊಸ ಕಾಂಕ್ರೀಟನ್ನೂ ಅದು ಒಂದೇ ರಟ್ಟಿನೊಳಗೆ ಇಟ್ಟಿತು. 1961ರಲ್ಲಿ ಚಂಡೀಗಢಕ್ಕೆಂದೇ ಸಂಚಿಕೆ ತಂದಿತು. ಚಂಡೀಗಢ ಕಟ್ಟುತ್ತಿದ್ದ ಕಾಲದಲ್ಲೇ ಬೆಂಗಳೂರಿನಲ್ಲಿ ಕೆಂಗಲ್ ಹನುಮಂತಯ್ಯನವರ ವಿಧಾನಸೌಧ ದ್ರಾವಿಡ ಮುಖ ಹೊತ್ತು ಎದ್ದು, 1956ರಲ್ಲಿ ಮುಗಿಯಿತು. ಒಂದೇ ದೇಶ, ಎರಡು ಉತ್ತರ. ನಾವು ಯಾರಾಗಬೇಕು ಎಂಬ ಪ್ರಶ್ನೆ ಆಗ ಜೀವಂತವಾಗಿತ್ತು. ಇಂದಿನ ಎಷ್ಟೋ ಪತ್ರಿಕೆಗಳು ಪ್ರಶ್ನೆಯನ್ನು ಬಿಟ್ಟು ಅಲಂಕಾರವನ್ನಷ್ಟೇ ಉಳಿಸಿಕೊಂಡಿವೆ.

ಮೈಸೂರಿನವರಾದ ನಾವಂತೂ 'ಅಪ್ಪಟ' ಎಂಬ ಮಾತಿಗೆ ಮರುಳಾಗಬಾರದು. 1897ರಲ್ಲಿ ಮರದ ಅರಮನೆ ಸುಟ್ಟುಹೋದ ಮೇಲೆ ಈಗಿನ ಅರಮನೆಯ ನಕ್ಷೆ ಬರೆದವರು ಹೆನ್ರಿ ಇರ್ವಿನ್ ಎಂಬ ಬ್ರಿಟಿಷ್ ವಾಸ್ತುಶಿಲ್ಪಿ. 1912ರಲ್ಲಿ ಮುಗಿದ ಆ ಅರಮನೆಯ ಕಲ್ಯಾಣಮಂಟಪಕ್ಕೆ ಎರಕದ ಕಬ್ಬಿಣದ ಕಂಬಗಳು ಬಂದದ್ದು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಿಂದ. ಹಳ್ಳಿಯ ಸೊಗಡೆಂದು ಪತ್ರಿಕೆಗಳು ಮೆರೆಸುವ ಮಂಗಳೂರು ಹೆಂಚನ್ನು 1865ರಲ್ಲಿ ಕಾರ್ಖಾನೆಯಲ್ಲಿ ಮಾಡತೊಡಗಿದವರು ಬಾಸೆಲ್ ಮಿಷನ್ನಿನವರು. ಆದರೇನಂತೆ, ದಸರೆಯ ದೀಪ ಹೊತ್ತಿದಾಗ ಅರಮನೆ ನಮ್ಮದೇ. ಮಳೆ ಹುಯ್ದಾಗ ಹೆಂಚೂ ನಮ್ಮದೇ. ತಲೆಮಾರುಗಳು ಅದರಡಿ ಬಾಳಿದ್ದರಿಂದ ಅದು ನಮ್ಮದಾಯಿತು.

ಪತ್ರಿಕೆಯ ಚಿತ್ರದಲ್ಲಿ ಇಲ್ಲದಿರುವುದು ಈ ಬಾಳುವೆಯೇ. ಅಲ್ಲಿನ ಜಗಲಿಯಲ್ಲಿ ಸೊಪ್ಪಿನವಳೊಡನೆ ಚೌಕಾಸಿ ಮಾಡುವವರಿಲ್ಲ. ಹಂಡೆಯಲ್ಲಿ ಬಿಸಿನೀರಿನ ಬದಲು ಗಿಡವಿದೆ. ಒನಕೆ ಗೋಡೆಗೇರಿದೆ. ಹಾಗೆಂದು ಹಳೆಯ ಮನೆ ಸ್ವರ್ಗವಾಗಿತ್ತೆಂದು ನಾನು ಹೇಳಲಾರೆ. ಅಗ್ರಹಾರದ ಕತ್ತಲೆಯ ಅಡುಗೆಮನೆಯಲ್ಲಿ ಊದುಕೊಳವೆ ಹಿಡಿದು ಕೆಮ್ಮುತ್ತಿದ್ದ ನಮ್ಮಜ್ಜಿಯನ್ನು ಕಂಡವಳು ನಾನು. ತಿಂಗಳಿಗೆ ಮೂರು ದಿನ ನಾವು ಕೂರಬೇಕಾದ ಮೂಲೆಯೂ ಆ ಮನೆಯಲ್ಲಿತ್ತು. ಜಗಲಿ ದಾಟಿ ಒಳಗೆ ಬರಬಾರದವರೂ ಇದ್ದರು. ಇದನ್ನೆಲ್ಲ ಕತ್ತರಿಸಿ ತೆಗೆದು, ಉಳಿದ ಚಿತ್ರದ ಕೆಳಗೆ 'ನಮ್ಮ ಪರಂಪರೆ' ಎಂದು ಅಚ್ಚು ಹಾಕಿದರೆ, ಆ ಪರಂಪರೆ ಯಾರದು? ದೇಶದ ಹೆಸರಿನಲ್ಲಿ ಮುಂಬಾಗಿಲನ್ನಷ್ಟೇ ತೋರಿಸಿದರೆ ಹಿತ್ತಲಲ್ಲಿ ದುಡಿದವರು ದೇಶದ ಲೆಕ್ಕದಿಂದಲೇ ಬಿಟ್ಟುಹೋಗುತ್ತಾರೆ.

ಪತ್ರಿಕೆ ಓದಬೇಡಿ ಎನ್ನುತ್ತಿಲ್ಲ; ನಾನೂ ಓದುತ್ತೇನೆ. ಕೆತ್ತನೆಯ ಬಾಗಿಲು ಇಷ್ಟವಾದರೆ ಹಾಕಿಸೋಣ, ಅದಕ್ಕೇನು! ಅದಕ್ಕೂ ಮೊದಲು ಇಂಜಿನಿಯರರನ್ನು ಎರಡು ಮಾತು ಕೇಳೋಣ: ಅಡುಗೆಮನೆಯ ಕಿಟಕಿ ಎಷ್ಟು ದೊಡ್ಡದು, ಕೆಲಸಕ್ಕೆ ಬರುವಾಕೆ ಕೂತು ಕಾಫಿ ಕುಡಿಯಲು ಜಾಗ ಎಲ್ಲಿ?