ಊದಿಸಿ, ದಂಡ ಹಾಕಿ, ಬಿಟ್ಟ ಮೇಲೆ

ಕತ್ತಲಾದ ಮೇಲೆ ಪುತ್ತೂರಿನ ದರ್ಬೆಯಲ್ಲೋ ಸುಳ್ಯದ ಪೈಚಾರಿನಲ್ಲೋ ಕಡಬ ಪೇಟೆಯ ತುದಿಯಲ್ಲೋ ಪೊಲೀಸರು ಗಾಡಿ ನಿಲ್ಲಿಸಿ ಕೊಳವೆ ಮುಂದೊಡ್ಡುತ್ತಾರೆ. ಊದಿದವನ ರಕ್ತದಲ್ಲಿ 100 ಮಿಲಿಲೀಟರಿಗೆ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯಸಾರವಿದೆಯೆಂದು ಯಂತ್ರ ತೋರಿಸಿದರೆ ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನಡಿ ಕೇಸು. ಗಾಡಿ ಠಾಣೆಯ ಅಂಗಳದಲ್ಲಿ ಉಳಿಯುತ್ತದೆ. ಕೆಲವು ದಿನ ಬಿಟ್ಟು ಆತ ಕೋರ್ಟಿಗೆ ಹೋಗಿ, ತಪ್ಪೊಪ್ಪಿಕೊಂಡು, ದಂಡ ಕಟ್ಟಿ, ರಶೀದಿ ತೋರಿಸಿ ಗಾಡಿ ಬಿಡಿಸಿಕೊಳ್ಳುತ್ತಾನೆ. ಜನ ಇದನ್ನು ‘ಡಿಡಿ ಕೇಸು’ ಎನ್ನುತ್ತಾರೆ. ಮದುವೆ ಮನೆಯಲ್ಲಿ ಗೆಳೆಯರ ಒತ್ತಾಯಕ್ಕೆ ಕುಡಿದು ಬೈಕ್ ಹತ್ತಿದವನಿಗೆ ಇಷ್ಟು ಸಾಕು. ನಾಚಿಕೆಯಾಗುತ್ತದೆ, ಹಣ ಹೋಗುತ್ತದೆ, ಮುಂದಿನ ಸಲ ಎಚ್ಚರ ವಹಿಸುತ್ತಾನೆ. ಎರಡನೇ ಸಲ, ಮೂರನೇ ಸಲ ಸಿಕ್ಕಿಬೀಳುವವನ ಕಥೆ ಬೇರೆ. ಅವನ ವಿಷಯದಲ್ಲಿ ಈ ಪದ್ಧತಿ ಸೋತಿದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಕಾನೂನು ಮೃದುವಾಗಿದೆ ಎಂದು ಯಾರೂ ಹೇಳಲಾರರು. ಅಮೆರಿಕದ ಹೆಚ್ಚಿನ ರಾಜ್ಯಗಳಲ್ಲಿ 80 ಮಿಲಿಗ್ರಾಂವರೆಗೆ ಬಿಡುತ್ತಾರೆ, ನಮ್ಮ ಮಿತಿ ಅದರ ಅರ್ಧಕ್ಕಿಂತಲೂ ಕಡಿಮೆ. 2019ರ ತಿದ್ದುಪಡಿ ಮೊದಲ ತಪ್ಪಿನ ದಂಡವನ್ನು 2,000ದಿಂದ 10,000 ರೂಪಾಯಿಗೆ, ಮರುತಪ್ಪಿನ ದಂಡವನ್ನು 3,000ದಿಂದ 15,000 ರೂಪಾಯಿಗೆ ಏರಿಸಿತು. ಮೊದಲ ಸಲಕ್ಕೆ ಆರು ತಿಂಗಳವರೆಗೆ, ಮತ್ತೆ ಸಿಕ್ಕಿಬಿದ್ದರೆ ಎರಡು ವರ್ಷದವರೆಗೆ ಜೈಲಿಗೆ ಕಳಿಸಲೂ ಅವಕಾಶವಿದೆ. ಸುಪ್ರೀಂ ಕೋರ್ಟ್ ನೇಮಿಸಿದ ರಸ್ತೆ ಸುರಕ್ಷತಾ ಸಮಿತಿ 2015ರಲ್ಲಿ, ಕುಡಿದು ಓಡಿಸಿದವರ ಲೈಸೆನ್ಸನ್ನು ಕನಿಷ್ಠ ಮೂರು ತಿಂಗಳು ಅಮಾನತಿನಲ್ಲಿಡಬೇಕೆಂದು ರಾಜ್ಯಗಳಿಗೆ ಸೂಚಿಸಿತು. ಇದೆಲ್ಲಕ್ಕಿಂತ ಮುಖ್ಯವಾದ ಇನ್ನೊಂದು ಗುಣ ಈ ಕಲಮಿಗಿದೆ. ಹೆಲ್ಮೆಟ್ ಹಾಕದವನಂತೆ ರಸ್ತೆ ಬದಿಯಲ್ಲೇ ಹಣ ಕೊಟ್ಟು ಇದನ್ನು ಮುಗಿಸುವಂತಿಲ್ಲ, ಕೋರ್ಟಿಗೆ ಬರಲೇಬೇಕು. ಕುಡಿತ ಕೈಮೀರಿದ ಮನುಷ್ಯನೊಬ್ಬ ತನ್ನ ಜೀವನದಲ್ಲಿ ಒಮ್ಮೆಯಾದರೂ ಅಧಿಕಾರವುಳ್ಳವರ ಎದುರು, ಮದ್ಯ ಇಳಿದ ಸ್ಥಿತಿಯಲ್ಲಿ ನಿಲ್ಲುವ ಹೊತ್ತು ಅದು. ಹೆಂಡತಿ, ತಾಯಿ, ಸ್ವಸಹಾಯ ಸಂಘದ ಹೆಂಗಸರು ವರ್ಷಗಟ್ಟಲೆ ಹೇಳಿದರೂ ಕೇಳದವನು ಅಲ್ಲಿ ತಲೆತಗ್ಗಿಸಿ ಕೇಳುತ್ತಾನೆ. ಆ ಹೊತ್ತನ್ನು ನಾವು ಒಂದು ರಶೀದಿ ಹರಿದುಕೊಡುವುದರಲ್ಲಿ ಕಳೆಯುತ್ತಿದ್ದೇವೆ.

ದಂಡದ ಭಾರ ಯಾರ ಮೇಲೆ ಬೀಳುತ್ತದೆ ಎಂದು ನೋಡಬೇಕು. ತೋಟದ ಕೂಲಿಯವನಿಗೆ 10,000 ರೂಪಾಯಿ ಎಂದರೆ ಎರಡು ವಾರದ ದುಡಿಮೆ. ಅನೇಕ ಮನೆಗಳಲ್ಲಿ ಅದು ಹೊರಡುವುದು ಹೆಂಡತಿಯ ಸ್ವಸಹಾಯ ಸಂಘದ ಸಾಲದಿಂದ. ತಪ್ಪು ಅವನದು, ವಾರದ ಕಂತು ಅವಳದು. ಇನ್ನು ಲೈಸೆನ್ಸ್ ಅಮಾನತು. ಗುತ್ತಿಗಾರು, ಪಂಜ, ಕೊಲ್ಲಮೊಗ್ರು ಕಡೆಯ ಒಳರಸ್ತೆಗಳಲ್ಲಿ ಸಂಜೆಯ ಕೊನೆಯ ಬಸ್ಸು ಹೋದರೆ ಮತ್ತೆ ಬಸ್ಸಿಲ್ಲ. ಮನೆ ರಸ್ತೆಯಿಂದ ಮೂರು ಕಿಲೋಮೀಟರು ಗುಡ್ಡದೊಳಗಿದ್ದರೆ ಬೈಕ್ ಇಲ್ಲದೆ ದಿನ ಸಾಗದು. ಲೈಸೆನ್ಸ್ ಕಪಾಟಿನಲ್ಲಿರಲಿ, ಆರ್‌ಟಿಒ ಕಚೇರಿಯಲ್ಲಿರಲಿ, ಅವನು ಗಾಡಿ ಓಡಿಸಿಯೇ ಓಡಿಸುತ್ತಾನೆ. ಗಾಡಿ ಓಡಿಸಬಾರದೆಂದರೆ ಇಲ್ಲಿ ನಡೆಯುವುದಿಲ್ಲ. ಕುಡಿಯಬಾರದೆಂದು ಹೇಳಿ, ಹೇಳಿದ್ದನ್ನು ದಿನವೂ ನೋಡಿಕೊಳ್ಳುವುದು ಸಾಧ್ಯವೇ ಎಂಬುದೇ ಕೇಳಬೇಕಾದ ಪ್ರಶ್ನೆ.

ಸಾಧ್ಯ ಎಂದು ಮೊದಲು ಮಾಡಿ ತೋರಿಸಿದ್ದು ಅಮೆರಿಕದ ಸೌತ್ ಡಕೋಟ. ನಗರಗಳು ಕಡಿಮೆ, ಹಳ್ಳಿಗಳು ದೂರದೂರ ಇರುವ ಕೃಷಿಪ್ರಧಾನ ರಾಜ್ಯ ಅದು. ಅಲ್ಲಿನ ಅಟಾರ್ನಿ ಜನರಲ್ ಲ್ಯಾರಿ ಲಾಂಗ್ 2005ರಲ್ಲಿ ಶುರುಮಾಡಿದ ಯೋಜನೆಗೆ ‘24/7 ಸೊಬ್ರೈಟಿ’ ಎಂದು ಹೆಸರು. ಮತ್ತೆಮತ್ತೆ ಕುಡಿದು ಗಾಡಿ ಓಡಿಸಿ ಸಿಕ್ಕಿಬಿದ್ದವನಿಗೆ ನ್ಯಾಯಾಧೀಶರು ಒಂದು ಷರತ್ತು ಹಾಕುತ್ತಾರೆ: ದಿನಾ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ನಿಗದಿಯಾದ ಜಾಗಕ್ಕೆ ಬಂದು ಊದಬೇಕು. ದೂರದವರಿಗೆ ಬೆವರಿನಿಂದ ಮದ್ಯಸಾರ ಪತ್ತೆಹಚ್ಚುವ ಕಾಲುಪಟ್ಟಿ ಕಟ್ಟುತ್ತಾರೆ. ಕುಡಿದದ್ದು ಕಂಡರೆ ಅಲ್ಲಿಂದಲೇ ಲಾಕಪ್ಪಿಗೆ. ಅಲ್ಲಿರುವುದು ಒಂದೆರಡು ದಿನ ಮಾತ್ರ, ಆದರೆ ಅದು ತಪ್ಪುವುದಿಲ್ಲ, ತಡವೂ ಆಗುವುದಿಲ್ಲ. ಆರು ತಿಂಗಳ ನಂತರ ಬರಬಹುದಾದ ದೊಡ್ಡ ಶಿಕ್ಷೆಗೆ ಹೆದರದವನು ಈ ಸಂಜೆಯೇ ಬರುವ ಸಣ್ಣ ಶಿಕ್ಷೆಗೆ ಹೆದರುತ್ತಾನೆ ಎಂಬುದು ಇದರ ಒಳತತ್ವ. ರ‍್ಯಾಂಡ್ ಸಂಸ್ಥೆಯ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಯೋಜನೆ ಜಾರಿಗೆ ಬಂದ ಕೌಂಟಿಗಳಲ್ಲಿ ಕುಡಿದು ಓಡಿಸಿ ಮತ್ತೆ ಬಂಧನಕ್ಕೊಳಗಾದವರ ಸಂಖ್ಯೆ ಶೇ. 12ರಷ್ಟು, ಮನೆಯೊಳಗಿನ ಹಿಂಸೆಗಾಗಿ ಬಂಧನಕ್ಕೊಳಗಾದವರ ಸಂಖ್ಯೆ ಶೇ. 9ರಷ್ಟು ಇಳಿಯಿತು.

ಈ ಎರಡನೇ ಅಂಕಿಯೇ ನನಗೆ ದೊಡ್ಡದು. ರಸ್ತೆಯ ಸುರಕ್ಷತೆಗೆಂದು ಮಾಡಿದ ವ್ಯವಸ್ಥೆ ಅಡುಗೆಮನೆಯಲ್ಲಿ ನಿಂತ ಹೆಂಗಸನ್ನೂ ಕಾಪಾಡಿತು. ದಂಡದ ರಶೀದಿಗೆ ಆ ಶಕ್ತಿಯಿಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲೂ 2020ರಿಂದೀಚೆಗೆ ನ್ಯಾಯಾಲಯಗಳು ಗರಿಷ್ಠ 120 ದಿನಗಳವರೆಗೆ ಇಂಥ ಕಾಲುಪಟ್ಟಿಯ ಆದೇಶ ಕೊಡುತ್ತಿವೆ.

ಕೊರತೆಗಳೂ ಇವೆ. ಸೌತ್ ಡಕೋಟದಲ್ಲಿ ಪ್ರತಿ ಸಲ ಊದುವುದಕ್ಕೆ ಒಂದು ಡಾಲರನ್ನು ಆರೋಪಿಯೇ ಕೊಡಬೇಕು. ನಮ್ಮಲ್ಲಿ ಹಾಗೆ ಮಾಡಿದರೆ ಅದೂ ಸಂಘದ ಸಾಲಕ್ಕೇ ಸೇರುತ್ತದೆ. ಆ ಯೋಜನೆ ಕುಡಿತವನ್ನು ತಡೆಯುತ್ತದೆಯೇ ಹೊರತು ಚಿಕಿತ್ಸೆಯನ್ನು ಕಡ್ಡಾಯ ಮಾಡುವುದಿಲ್ಲ. ಆದೇಶದ ಅವಧಿ ಮುಗಿದ ಮರುದಿನ ಮನುಷ್ಯ ಒಬ್ಬಂಟಿ.

ಆ ಮರುದಿನದ ವಿಚಾರದಲ್ಲಿ ಪುತ್ತೂರು, ಸುಳ್ಯ, ಕಡಬ ಎಂಬ ನಮ್ಮ ಮೂರು ತಾಲೂಕುಗಳಿಗೆ ಅಮೆರಿಕಕ್ಕಿಂತ ಹೆಚ್ಚು ಗೊತ್ತಿದೆ. ಬೆಳ್ತಂಗಡಿಯಲ್ಲಿ 1982ರಲ್ಲಿ ಹುಟ್ಟಿದ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯೂ ಜನಜಾಗೃತಿ ವೇದಿಕೆಯೂ ಸೇರಿ ನಡೆಸುವ ಮದ್ಯವರ್ಜನ ಶಿಬಿರಗಳು ರಾಜ್ಯದಲ್ಲಿ ಸಾವಿರವನ್ನು ದಾಟಿವೆ. ಪುತ್ತೂರು, ಸುಳ್ಯ, ಕಡಬದ ಸಭಾಭವನ, ಭಜನಾ ಮಂದಿರಗಳಲ್ಲಿ ಇವನ್ನು ನೋಡದವರು ಕಡಿಮೆ. ಊರಿನವರೇ ವ್ಯವಸ್ಥಾಪನಾ ಸಮಿತಿ ಮಾಡಿಕೊಂಡು ಅಕ್ಕಿ, ತರಕಾರಿ, ತೆಂಗಿನಕಾಯಿ ಒಟ್ಟುಮಾಡುತ್ತಾರೆ. ಶಿಬಿರಾರ್ಥಿಗಳು ಎಂಟು ದಿನ ಅಲ್ಲೇ ಉಳಿಯುತ್ತಾರೆ. ಯೋಗ, ಭಜನೆ, ಆಪ್ತಸಲಹೆ ನಡೆಯುತ್ತದೆ, ಮನೆಯವರನ್ನೂ ಕರೆಸಿ ಮಾತಾಡಿಸುತ್ತಾರೆ. ಹೊರಬಂದವರು ‘ನವಜೀವನ’ ಸಮಿತಿಯ ಸದಸ್ಯರಾಗಿ ಆಗಾಗ ಸೇರುತ್ತಾರೆ. ಶಿಬಿರದ ನಿಜವಾದ ಸತ್ವ ನನ್ನ ಪ್ರಕಾರ ಈ ಸಮಿತಿಯಲ್ಲಿದೆ. ಎಂಟು ದಿನ ಯಾರಾದರೂ ಕುಡಿಯದೆ ಇರಬಹುದು. ಒಂಬತ್ತನೇ ದಿನ ಸಂಜೆ ಬಾರಿನ ಮುಂದಿನಿಂದ ಹಾದುಹೋಗುವಾಗ, ಹಿಂದೆ ತನ್ನ ಜೊತೆಗೇ ಕುಡಿಯುತ್ತಿದ್ದು ಈಗ ಬಿಟ್ಟಿರುವ ನೆರೆಯವನೊಬ್ಬ ಜೊತೆಯಲ್ಲಿ ನಡೆದರೆ ಅದು ದೊಡ್ಡ ಬಲ. ಹಣ ಕೊಟ್ಟು ಕೊಳ್ಳಲಾಗದ ಈ ವ್ಯವಸ್ಥೆ ನಮ್ಮಲ್ಲಿ ಗ್ರಾಮ ಗ್ರಾಮದಲ್ಲಿದೆ.

ಹೊಗಳಿಕೆಯ ಜೊತೆಗೆ ಎರಡು ಮಾತು ಹೇಳಲೇಬೇಕು. ಮೊದಲನೆಯದು ವೈದ್ಯಕೀಯ. ವರ್ಷಗಟ್ಟಲೆ ದಿನವೂ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ಎರಡು ಮೂರು ದಿನಗಳಲ್ಲಿ ಕೈನಡುಕ, ಅಪಸ್ಮಾರ, ಭ್ರಮೆ ಶುರುವಾಗಬಹುದು, ಪ್ರಾಣಕ್ಕೂ ಅಪಾಯ. ಅಂಥವನನ್ನು ಸಭಾಭವನಕ್ಕೆ ಕರೆದೊಯ್ಯುವ ಮೊದಲು ಆಸ್ಪತ್ರೆಗೆ ಕರೆದೊಯ್ಯಬೇಕು. ಪುತ್ತೂರು, ಸುಳ್ಯಗಳಲ್ಲಿ ತಾಲೂಕು ಆಸ್ಪತ್ರೆಗಳಿವೆ, ಸುಳ್ಯದಲ್ಲಿ ಕೆ.ವಿ.ಜಿ. ವೈದ್ಯಕೀಯ ಕಾಲೇಜೇ ಇದೆ. ಎರಡನೆಯದು, ಶಿಬಿರ ಭಕ್ತಿಯ ನೆಲೆಯಲ್ಲಿ ನಿಂತಿದೆ. ಮನಸಾರೆ ಬರುವವನಿಗೆ ಅದೇ ಆಧಾರ. ಆದರೆ ಸರ್ಕಾರದ ನ್ಯಾಯಾಲಯ ಒಬ್ಬ ಬ್ಯಾರಿ ಆಟೊ ಚಾಲಕನಿಗೋ, ಕ್ರೈಸ್ತ ರಬ್ಬರ್ ಕೃಷಿಕನಿಗೋ ಭಜನೆಗೆ ಕೂರು ಎಂದು ಆದೇಶಿಸುವಂತಿಲ್ಲ. ಕೋರ್ಟು ಕಡ್ಡಾಯ ಮಾಡಬಹುದಾದದ್ದು ಕುಡಿಯದಿರುವುದನ್ನು, ಊದಿ ತೋರಿಸುವುದನ್ನು, ವೈದ್ಯರನ್ನು ಕಾಣುವುದನ್ನು. ಯಾವ ಗುಂಪಿನ ಜೊತೆ ಕೂರಬೇಕೆಂಬುದು ಅವನ ಆಯ್ಕೆಗೇ ಉಳಿಯಬೇಕು.

ಹಾಗೆ ಆದೇಶಿಸಲು ಕಾನೂನಿದೆಯೇ? ಇದೆ, 1958ರಿಂದಲೂ ಇದೆ. ಅಪರಾಧಿಗಳ ಪರಿವೀಕ್ಷಣಾ ಕಾಯ್ದೆಯ 4ನೇ ಕಲಮು ತಪ್ಪಿತಸ್ಥನನ್ನು ಜೈಲಿಗೆ ಕಳಿಸುವ ಬದಲು ಮುಚ್ಚಳಿಕೆ ಬರೆಸಿಕೊಂಡು ಪ್ರೊಬೇಷನ್ ಅಧಿಕಾರಿಯ ಮೇಲ್ವಿಚಾರಣೆಯಲ್ಲಿಡಲು ನ್ಯಾಯಾಲಯಕ್ಕೆ ಅಧಿಕಾರ ಕೊಡುತ್ತದೆ. ಮೇಲ್ವಿಚಾರಣೆ ಒಂದು ವರ್ಷಕ್ಕಿಂತ ಕಡಿಮೆ ಇರಕೂಡದು. ಮುಚ್ಚಳಿಕೆಯಲ್ಲಿ ಹಾಕಬಹುದಾದ ಷರತ್ತುಗಳ ಸಾಲಿನಲ್ಲಿ ಮಾದಕ ಪಾನೀಯಗಳಿಂದ ದೂರವಿರುವುದನ್ನು ಹೆಸರಿಸಿಯೇ ಹೇಳಲಾಗಿದೆ. ಸೌತ್ ಡಕೋಟ ಈ ದಾರಿ ಹಿಡಿಯುವುದಕ್ಕೆ 47 ವರ್ಷ ಮೊದಲೇ ನಮ್ಮ ಸಂಸತ್ತು ಈ ಸಾಲನ್ನು ಬರೆದಿಟ್ಟಿತ್ತು. ನಾವು ಅದನ್ನು ತೆರೆದು ನೋಡುತ್ತಿಲ್ಲ.

ಅಡ್ಡಿಗಳನ್ನು ಮುಚ್ಚಿಡಬಾರದು. ದಲ್ಬೀರ್ ಸಿಂಗ್ ಪ್ರಕರಣದಲ್ಲಿ (2000) ಸುಪ್ರೀಂ ಕೋರ್ಟ್, ಅಜಾಗರೂಕತೆಯಿಂದ ಓಡಿಸಿ ಜೀವ ತೆಗೆದ ಚಾಲಕನಿಗೆ ಈ ಕಾಯ್ದೆಯ ಲಾಭ ಕೊಡಬಾರದೆಂದು ಕಟುವಾಗಿ ಹೇಳಿತು. ಆ ಮಾತು ಸರಿಯೇ. ಸಾವು ಸಂಭವಿಸಿದ ಮೇಲೆ ಮುಚ್ಚಳಿಕೆಗೆ ಅರ್ಥವಿಲ್ಲ. ಆದರೆ 185ನೇ ಕಲಮಿನ ಆರೋಪಿ ಇನ್ನೂ ಯಾರನ್ನೂ ಕೊಂದಿಲ್ಲ. ಕೊಲ್ಲುವ ಮೊದಲು ತಡೆಯುವ ಅವಕಾಶ ಇರುವುದು ಇಲ್ಲೇ. ಎರಡನೇ ಅಡ್ಡಿ ಇನ್ನೂ ಗಟ್ಟಿ. ಮೊದಲ ಸಲ ಷರತ್ತು ಮುರಿದವನಿಗೆ, ಮುಚ್ಚಳಿಕೆಯನ್ನು ಹಾಗೇ ಉಳಿಸಿಕೊಂಡು, ನ್ಯಾಯಾಲಯ ಹಾಕಬಹುದಾದ ದಂಡ ಗರಿಷ್ಠ 50 ರೂಪಾಯಿ. 1958ರ ಆ ಮೊತ್ತ ಇಂದಿಗೂ ಹಾಗೇ ಕೂತಿದೆ. ಇಲ್ಲವಾದರೆ ಮೂಲ ಅಪರಾಧಕ್ಕೇ ಶಿಕ್ಷೆ ಕೊಡಬೇಕು. ಒಂದು ಕಡೆ ಏನೂ ಅಲ್ಲದ ದಂಡ, ಇನ್ನೊಂದು ಕಡೆ ಜೈಲು. ನಡುವೆ ಬೇಕಾದ ‘ಇಂದೇ, ಚಿಕ್ಕದಾಗಿ, ತಪ್ಪದೆ’ ಎಂಬ ಮೆಟ್ಟಿಲೇ ಇಲ್ಲ. 50 ರೂಪಾಯಿಯ ಈ ನಿಯಮ ತಿದ್ದುಪಡಿಯಾಗಬೇಕು. ಅಲ್ಲಿಯವರೆಗೂ ಕೈಕಟ್ಟಿ ಕೂರಬೇಕಾಗಿಲ್ಲ, ಏಕೆಂದರೆ ಷರತ್ತು ಮುರಿದರೆ ಜೈಲು ಎಂಬ ಅರಿವೇ ಹಲವರನ್ನು ಹಿಡಿದು ನಿಲ್ಲಿಸುತ್ತದೆ.

ದೇಶದ ಬೇರೆಡೆ ನಡೆದ ಪ್ರಯತ್ನಗಳಿಂದ ಕಲಿಯುವುದು ಸ್ವಲ್ಪವೇ. 2023ರಲ್ಲಿ ವಿಶಾಖಪಟ್ಟಣದ ನ್ಯಾಯಾಲಯ ಕುಡಿದು ಓಡಿಸಿದವರಿಂದ ಕಡಲತೀರ ಗುಡಿಸಿಸಿತು. ಮದ್ರಾಸ್ ಹೈಕೋರ್ಟ್ 2022ರಲ್ಲಿ ಜಾಮೀನು ಕೊಡುವಾಗ ಸಿಗ್ನಲ್ಲಿನಲ್ಲಿ ನಿಂತು ಕರಪತ್ರ ಹಂಚಲು ಹೇಳಿತು. ನಾಲ್ಕು ಜನರೆದುರು ನಾಚಿಕೆಯಾಗುವುದಷ್ಟೇ ಅದರ ಫಲ. ಕುಡಿತದ ರೋಗಿಗೆ ನಾಚಿಕೆ ಮತ್ತೊಂದು ಕ್ವಾರ್ಟರಿಗೆ ನೆಪವಾಗುತ್ತದೆ. ಹೈದರಾಬಾದಿನಲ್ಲಿ ಮನೆಯವರನ್ನೂ ಕೂರಿಸಿಕೊಂಡು ಸಮಾಲೋಚನೆ ನಡೆಸುವ ಕ್ರಮ ಇವೆಲ್ಲಕ್ಕಿಂತ ಮೇಲು.

ನಮ್ಮಲ್ಲಿ ಇದು ಹೇಗಿರಬೇಕು ಎಂಬ ಚಿತ್ರ ನನ್ನ ಮನಸ್ಸಿನಲ್ಲಿ ಸ್ಪಷ್ಟವಾಗಿದೆ. ಊದುವ ಜಾಗ ಪೊಲೀಸ್ ಠಾಣೆಯಾಗಬಾರದು. ಕೊಲ್ಲಮೊಗ್ರಿನವನು ದಿನಕ್ಕೆರಡು ಸಲ ಸುಬ್ರಹ್ಮಣ್ಯ ಠಾಣೆಗೆ ಹೋಗಿಬಂದರೆ ದುಡಿಯುವುದು ಯಾವಾಗ? ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರವೋ ಗ್ರಾಮ ಪಂಚಾಯತ್ ಕಚೇರಿಯೋ ಆಗಬೇಕು. ಹೊತ್ತನ್ನೂ ಕೆಲಸ ನೋಡಿ ಗೊತ್ತುಮಾಡಬೇಕು. ರಬ್ಬರ್ ಟ್ಯಾಪಿಂಗಿನವನು ಬೆಳಕು ಹರಿಯುವ ಮೊದಲೇ ಬೈಕ್ ಹತ್ತುತ್ತಾನೆ, ರಾತ್ರಿ ಕುಡಿದದ್ದು ಆಗಲೂ ರಕ್ತದಲ್ಲಿರುತ್ತದೆ. ಅವನಿಗೆ ಬೆಳಗಿನ ಪರೀಕ್ಷೆಯೇ ಮುಖ್ಯ. ಆಪ್ತಸಲಹೆ ಅವರವರ ಮಾತಿನಲ್ಲಿರಬೇಕು: ತುಳು, ಅರೆಭಾಷೆ, ಬ್ಯಾರಿ, ಮಲಯಾಳ, ಮತ್ತು ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಿಗೆ ಶ್ರೀಲಂಕಾದಿಂದ ಬಂದು ನೆಲೆಸಿದ ಕುಟುಂಬಗಳಿಗೆ ತಮಿಳು. ಇದೆಲ್ಲದರ ಖರ್ಚು ಸರ್ಕಾರದ್ದಾಗಿರಬೇಕು. ಅಬಕಾರಿಯಿಂದ ವರ್ಷಕ್ಕೆ 30,000 ಕೋಟಿ ರೂಪಾಯಿಗೂ ಹೆಚ್ಚು ಪಡೆಯುವ ರಾಜ್ಯಕ್ಕೆ ಮೂರು ತಾಲೂಕಿನ ಆರೋಗ್ಯ ಕೇಂದ್ರಗಳಲ್ಲಿ ಒಂದೊಂದು ಊದುವ ಯಂತ್ರ ಇಡಲು ಹಣವಿಲ್ಲ ಎಂದರೆ ನಾನು ಒಪ್ಪಲಾರೆ.

ಒಂದು ಭಯ ನನಗೂ ಇದೆ. ಇಂಥ ಆದೇಶ ಬಡವರ ಮೇಲೆ ಮಾತ್ರ ಬೀಳಬಹುದು. ಬೈಕಿನವನನ್ನು ನಿಲ್ಲಿಸುವಷ್ಟು ಸಲೀಸಾಗಿ ದೊಡ್ಡ ಕಾರಿನವನನ್ನು ನಿಲ್ಲಿಸುವುದಿಲ್ಲ ಎಂಬುದು ರಸ್ತೆಯಲ್ಲಿ ಓಡಾಡುವ ಎಲ್ಲರಿಗೂ ಗೊತ್ತು. ಹಾಗಾಗಿ ಆದೇಶಕ್ಕೆ ಮೊದಲು ಪ್ರೊಬೇಷನ್ ಅಧಿಕಾರಿಯ ವರದಿ ತರಿಸಿಕೊಳ್ಳಬೇಕು, ಆರೋಪಿ ವಕೀಲರ ಜೊತೆ ಮಾತಾಡಿ ಒಪ್ಪಿರಬೇಕು.

ಪುತ್ತೂರು ಮತ್ತು ಸುಳ್ಯದ ವಕೀಲ ಮಿತ್ರರಲ್ಲಿ ನನ್ನದೊಂದು ಬೇಡಿಕೆ. ಎರಡನೇ ಸಲ ಸಿಕ್ಕಿಬಿದ್ದ ಕಕ್ಷಿದಾರ ಕಚೇರಿ ಮೆಟ್ಟಿಲು ಹತ್ತಿದಾಗ “ತಪ್ಪೊಪ್ಪಿಕೋ, ದಂಡ ಕಟ್ಟಿ ಮುಗಿಸುವಾ” ಎನ್ನಬೇಡಿ. ಅವನ ಜೊತೆ ಬಂದ ಹೆಂಗಸನ್ನು ಕೂರಿಸಿ ಮಾತಾಡಿಸಿ. 4ನೇ ಕಲಮಿನಡಿ ಒಂದು ಅರ್ಜಿ ಹಾಕಿ, ಕುಡಿಯದಿರುವ ಷರತ್ತನ್ನೂ ಚಿಕಿತ್ಸೆಯನ್ನೂ ನೀವೇ ಕೇಳಿ. ಕೋರ್ಟಿನ ಬಾಗಿಲವರೆಗೆ ಹೋಗದ ಮನೆಗಳವರು ಟೆಲಿ ಮಾನಸ್‌ಗೆ ಕರೆಮಾಡಬಹುದು. ಸಂಖ್ಯೆ 14416, ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.