ಬಣ್ಣದಡಿಯ ತುಕ್ಕು ಯಾರದು?

ಸೆಕೆಂಡ್‌ಹ್ಯಾಂಡ್ ಕಾರು ಕೊಂಡ ಎರಡು ಮೂರು ತಿಂಗಳಲ್ಲೇ ಬಾಗಿಲ ಕೆಳ ಅಂಚಿನಲ್ಲಿ ಬಣ್ಣ ಗುಳ್ಳೆಯೆದ್ದರೆ ಸುತ್ತಲಿನವರೆಲ್ಲ ಹೇಳುವುದು ಒಂದೇ ಮಾತು: ‘ನೋಡಿಯೇ ತಗೊಂಡ್ರಲ್ಲ, ಈಗೇನು ಕೇಳ್ತೀರಿ?’ ಮಾರಿದವನದೂ ಅದೇ ಉತ್ತರ. ವ್ಯವಹಾರ ಬಲ್ಲವರ ಮಾತೆಂದು ಇದು ಚಲಾವಣೆಯಲ್ಲಿದೆ. ನಾನಂತೂ ಒಪ್ಪಲಾರೆ. ಕೊಂಡವನ ಕಣ್ಣಿಗೆ ಏನು ಬಿತ್ತು, ಏನನ್ನು ಬೀಳದಂತೆ ಮಾಡಲಾಗಿತ್ತು ಎಂದು ಯಾರೂ ವಿಚಾರಿಸುವುದಿಲ್ಲ.

ತುಕ್ಕು ರಾತ್ರೋರಾತ್ರಿ ಹುಟ್ಟುವಂಥದ್ದಲ್ಲ. ಬಾಗಿಲ ತಳದಲ್ಲಿ ನೀರು ಇಳಿಯಲೆಂದು ಬಿಟ್ಟ ತೂತುಗಳು ಮಣ್ಣು ಕಟ್ಟಿಕೊಂಡರೆ ನೀರು ಒಳಗೇ ನಿಲ್ಲುತ್ತದೆ. ಮಂಗಳೂರು, ಉಡುಪಿಯಂಥ ಊರುಗಳ ಉಪ್ಪುಗಾಳಿಗೆ ತಗಡು ಇನ್ನೂ ಬೇಗ ಸೋಲುತ್ತದೆ. ತುಕ್ಕು ಹಿಡಿದ ಕಬ್ಬಿಣ ಉಬ್ಬುವುದರಿಂದ ಮೇಲಿನ ಬಣ್ಣ ಎದ್ದು ಬರುತ್ತದೆ. ಸರಿಯಾದ ರಿಪೇರಿಯೆಂದರೆ ಕೊಳೆತ ತಗಡು ಕತ್ತರಿಸಿ ಹೊಸದನ್ನು ವೆಲ್ಡ್ ಮಾಡಿಸುವುದು. ಅಗ್ಗದ ದಾರಿಯಲ್ಲಿ ಮೇಲಷ್ಟೇ ಉಜ್ಜಿ, ಪುಟ್ಟಿ ಮೆತ್ತಿ, ಬಣ್ಣ ಹೊಡೆದು ಪಾಲಿಶ್ ಮಾಡುತ್ತಾರೆ. ಕಾರ್ಖಾನೆಯ ಬಣ್ಣ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ದಪ್ಪ. ಪುಟ್ಟಿ ಮೆತ್ತಿದ ಕಡೆ ಅದರ ಹಲವು ಪಟ್ಟು. ಅದನ್ನು ಅಳೆಯುವ ಮೀಟರ್ ಇದೆ. ಕಾರು ಕೊಳ್ಳುವಾಗ ಅದನ್ನೇ ಹಿಡಿದು ಬೆಲೆ ಇಳಿಸುವ ವ್ಯಾಪಾರಿ, ಮಾರಿದ ಮೇಲೆ ‘ನಮಗೇನು ಗೊತ್ತು’ ಎಂದರೆ ಹೇಗೆ ನಂಬುವುದು?

1930ರ ಸರಕು ಮಾರಾಟ ಕಾಯ್ದೆಯ 16ನೇ ಕಲಂ, ಕೊಳ್ಳುವವನೇ ಎಚ್ಚರದಿಂದಿರಬೇಕು ಎಂಬಲ್ಲಿಂದಲೇ ಹೊರಡುತ್ತದೆ, ನಿಜ. ಆದರೆ ಆ ಬಗೆಯ ಸರಕಿನದೇ ವ್ಯಾಪಾರ ಮಾಡುವವನಿಂದ ವಿವರಣೆ ನಂಬಿ ಕೊಂಡರೆ, ಸರಕು ಮಾರಾಟಕ್ಕೆ ಯೋಗ್ಯವಾಗಿರಬೇಕು ಎನ್ನುತ್ತದೆ. ಕೊಂಡವನು ಪರೀಕ್ಷಿಸಿ ನೋಡಿದ್ದರೆ, ಆ ಪರೀಕ್ಷೆಯಲ್ಲಿ ಕಾಣಬೇಕಾಗಿದ್ದ ದೋಷಗಳಿಗಷ್ಟೇ ಮಾರಿದವನಿಗೆ ವಿನಾಯಿತಿ. ಪುಟ್ಟಿಯಡಿಯ ತುಕ್ಕು ಬರಿಗಣ್ಣಿಗೆ ಕಾಣುವುದೇ? ಸ್ವಂತ ಬಳಕೆಗೆ ಕೊಂಡವರಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಆಯೋಗದ ಬಾಗಿಲೂ ತೆರೆದಿದೆ. ದೂರಿಗೆ ಎರಡು ವರ್ಷದ ಗಡುವು.

ಮನೆಯವರೇ ಓಡಿಸುತ್ತಿದ್ದ ಕಾರನ್ನು ನೇರವಾಗಿ ಮಾರಿದವರನ್ನು ಇದೇ ಅಳತೆಯಲ್ಲಿ ಅಳೆಯುವುದು ತಪ್ಪು. ಅವರಿಗೂ ಗೊತ್ತಿಲ್ಲದೆ ಒಳಗೆ ಕೊಳೆತಿದ್ದರೆ ಆ ನಷ್ಟ ಕೊಂಡವರದೇ. ಗೊತ್ತಿದ್ದೂ ಮುಚ್ಚಿಸಿ ಮಾರಿದ್ದರೆ ಮಾತ್ರ 1872ರ ಕರಾರು ಕಾಯ್ದೆಯ 17ನೇ ಕಲಂ ಅದನ್ನು ವಂಚನೆ ಎನ್ನುತ್ತದೆ. ಹಾಗೆಯೇ ಚಕ್ರದ ಮೇಲಿನ ಅಂಚಿನಲ್ಲಿ ಎದ್ದು ಕಾಣುತ್ತಿದ್ದ ತುಕ್ಕನ್ನು ನೋಡಿ, ಚೌಕಾಸಿ ಮಾಡಿ ಕೊಂಡವರು ಆಮೇಲೆ ಮಾರಿದವರ ಮನೆ ಬಾಗಿಲು ತಟ್ಟುವುದು ನ್ಯಾಯವಲ್ಲ.

ಗುಳ್ಳೆ ಕಂಡ ಕೂಡಲೇ ಟಿಂಕರಿಂಗ್ ಶೆಡ್ಡಿಗೆ ಓಡಬೇಡಿ. ಉಜ್ಜಿಬಿಟ್ಟರೆ ತುಕ್ಕಿನ ಜೊತೆ ಸಾಕ್ಷ್ಯವೂ ಹೋಗುತ್ತದೆ. ಮೊದಲು ಫೋಟೊ ತೆಗೆದು, ಬಣ್ಣದ ದಪ್ಪ ಅಳೆಸಿ, ಆ ವರದಿಯೊಂದಿಗೆ ಮಾರಿದವರಿಗೆ ಬರಹದಲ್ಲೇ ತಿಳಿಸಿ.