ತಪ್ಪಿದ್ದಲ್ಲ, ತಪ್ಪಿಸಿದ್ದು

ನರ್ಸುಗಳು ಮಾಡಬೇಕಾಗಿದ್ದು ಮಾಡದೆ ಉಳಿದ ಆರೈಕೆಗೆ ವಿದ್ವಾಂಸರು ಒಂದು ಹೆಸರಿಟ್ಟಿದ್ದಾರೆ: ‘ತಪ್ಪಿಹೋದ ಶುಶ್ರೂಷೆ’. 2006ರಲ್ಲಿ ಅಮೆರಿಕದ ಬಿಯಾಟ್ರಿಸ್ ಕಾಲಿಶ್ ಎರಡು ಆಸ್ಪತ್ರೆಗಳ ನರ್ಸುಗಳನ್ನು ಮಾತಾಡಿಸಿ, ಇಂಥ ಒಂಬತ್ತು ಬಗೆಯ ಕೆಲಸಗಳನ್ನು ಪಟ್ಟಿ ಮಾಡಿದರು. ರೋಗಿಯನ್ನು ನಡೆಸುವುದು, ಮಗ್ಗಲು ತಿರುಗಿಸುವುದು, ಹೊತ್ತಿಗೆ ಉಣಿಸುವುದು, ಮೈ ತೊಳೆಯುವುದು, ಧೈರ್ಯ ಹೇಳುವುದು ಎಲ್ಲ ಅದರಲ್ಲಿವೆ. ಪಟ್ಟಿ ಸರಿ, ನಮ್ಮ ತಕರಾರಿರುವುದು ಹೆಸರಿನ ಮೇಲೆ. ತಪ್ಪಿಹೋಯಿತು ಅಂದರೆ ಸಂಜೆ ಬಸ್ಸು ತಪ್ಪಿಹೋದ ಹಾಗೆ ಕೇಳಿಸುತ್ತದೆ. ತಪ್ಪಿಸಿದವರು ಯಾರು?

ಇಂಗ್ಲೆಂಡಿನ ಸ್ಟ್ಯಾಫರ್ಡ್ ಆಸ್ಪತ್ರೆಯನ್ನೇ ನೋಡಿ. 2005ರಿಂದ 2009ರವರೆಗೆ ಅಲ್ಲಿ ನಡೆದದ್ದು ರಾಬರ್ಟ್ ಫ್ರಾನ್ಸಿಸ್ ಅವರ 2013ರ ವರದಿಯಲ್ಲಿದೆ. ಕೈಗೆಟುಕದ ನೀರು. ತಾವಾಗಿ ಉಣ್ಣಲಾರದವರ ಮುಂದೆ ಹಾಗೇ ಉಳಿದ ಊಟ. ಹೇಲು ಉಚ್ಚೆಯ ಹಾಸಿಗೆಯಲ್ಲೇ ಹೊತ್ತುಗಟ್ಟಲೆ ಬಿದ್ದಿದ್ದ ರೋಗಿಗಳು. ಅಲ್ಲೇ ತಾಯಿಯನ್ನು ಕಳೆದುಕೊಂಡ ಜೂಲಿ ಬೈಲಿ ಮತ್ತು ಅವರಂಥ ನೊಂದವರು ಇದನ್ನು ಬೀದಿಗೆ ತಂದರು. ಆಡಳಿತ ಮಂಡಳಿ 2006-07ರಲ್ಲಿ 1 ಕೋಟಿ ಪೌಂಡ್ ಉಳಿಸಲು ಹೊರಟು ಸುಮಾರು 150 ಹುದ್ದೆಗಳಿಗೆ ಕತ್ತರಿ ಹಾಕಿತ್ತು. ಸರ್ಕಾರದ ಕಡೆಯಿಂದ 2012ರಲ್ಲಿ ನರ್ಸುಗಳಿಗೆ ಕರುಣೆ, ಧೈರ್ಯ, ಬದ್ಧತೆ ಮುಂತಾದ ಆರು ಗುಣಗಳ ಪಾಠ ಬಂತು. ಕೈ ಕಡಿದು ಕರುಣೆ ಕಲಿಸಿದರು!

ಹಾಗಾದರೆ ಕೈ ಸಾಲದಾದಾಗ ಮೊದಲು ಬೀಳುವ ಕೆಲಸ ಯಾವುದು? 2010ರಲ್ಲಿ ಇಂಗ್ಲೆಂಡಿನ 2,917 ನರ್ಸುಗಳನ್ನು ಕೇಳಿದಾಗ, ಹಿಂದಿನ ಪಾಳಿಯಲ್ಲಿ ಏನಾದರೊಂದು ಆರೈಕೆ ಬಿಟ್ಟೆವು ಎಂದವರು ನೂರಕ್ಕೆ 86. ರೋಗಿಯೊಡನೆ ಮಾತಾಡಲು, ಸಮಾಧಾನ ಹೇಳಲು ಆಗಲಿಲ್ಲ ಎಂದವರು 66. ನೋವಿನ ಉಪಚಾರ ಬಿಟ್ಟವರು 7 ಮಾತ್ರ. ಚೀಟಿಯಲ್ಲಿ ಬರೆದ ಕೆಲಸ ಉಳಿಯುತ್ತದೆ, ಯಾರೂ ಲೆಕ್ಕ ಕೇಳದ ಕೆಲಸ ಬೀಳುತ್ತದೆ. ಕೆಲಸಕ್ಕೂ ಮೇಲು ಕೀಳು ಕಟ್ಟುವ ಈ ಬುದ್ಧಿ ನಮಗೇನೂ ಹೊಸದಲ್ಲ.

ಆದರೆ ರೋಗಿಯ ಮೈ ಲೆಕ್ಕ ಇಡುತ್ತದೆ. ಮಗ್ಗಲು ತಿರುಗಿಸದಿದ್ದರೆ ಮೂಳೆಯೊತ್ತಿದ ಕಡೆ ಚರ್ಮ ಸತ್ತು ಹುಣ್ಣಾಗುತ್ತದೆ. ಬಾಯಿ ತೊಳೆಸದಿದ್ದರೆ ಅಲ್ಲಿನ ಕ್ರಿಮಿ ಶ್ವಾಸಕೋಶಕ್ಕಿಳಿಯುತ್ತದೆ. ನಡೆಸದಿದ್ದರೆ ಕಾಲಿನ ನರದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಯುರೋಪಿನ 9 ದೇಶಗಳ 300 ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಯಾದ 4,22,730 ರೋಗಿಗಳ ದಾಖಲೆ ನೋಡಿದ 2014ರ ಅಧ್ಯಯನದಲ್ಲಿ, ಒಬ್ಬ ನರ್ಸಿನ ಪಾಲಿಗೆ ಒಬ್ಬ ರೋಗಿ ಹೆಚ್ಚಾದಂತೆಲ್ಲ 30 ದಿನದೊಳಗೆ ಸಾಯುವ ಸಂಭವ ನೂರಕ್ಕೆ 7ರಷ್ಟು ಏರಿತ್ತು.

ಇನ್ನು ನಮ್ಮಲ್ಲಿ. ನನ್ನವ್ವ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಮಲಗಿದ್ದಾಗ, “ಸಿಸ್ಟರಮ್ಮಾ, ಒಸಿ ಮಗ್ಗಲಿಗೆ ತಿರುಗ್ಸವ್ವ” ಅಂದಳು. “ನಿಮ್ ಕಡೆಯೋರು ಯಾರೂ ಇಲ್ವಾ?” ಅಂತ ಸಿಸ್ಟರು ಮುಂದೆ ಹೋದರು. ನನಗೆ ಉರಿದುಹೋಯಿತು. ಆಮೇಲೆ ಎಣಿಸಿದೆ: ಆಯಮ್ಮನೊಬ್ಬಳಿಗೆ ನಲವತ್ತು ಮಂಚ! ಸಾಮಾನ್ಯ ವಾರ್ಡಿನಲ್ಲಿ 5 ರೋಗಿಗಳಿಗೆ ಒಬ್ಬ ನರ್ಸ್ ಎನ್ನುತ್ತದೆ ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡ. ಉಳಿದ ಕೆಲಸವನ್ನು ಮಂಚದ ಕೆಳಗೆ ಚಾಪೆ ಹಾಸಿಕೊಂಡ ಹೆಂಡತಿಯೋ ಮಗಳೋ ಕೂಲಿ ಬಿಟ್ಟು ಮಾಡುತ್ತಾಳೆ. ಅವಳು ಮಾಡುವುದರಿಂದಲೇ ಕೊರತೆ ಯಾವ ಕಡತದಲ್ಲೂ ಕಾಣುವುದಿಲ್ಲ. ಯಾರೂ ಇಲ್ಲದವರು ಹುಣ್ಣಾಗಿ ಸಾಯುತ್ತಾರೆ, ಕಾರಣದ ಕಡೆ ಕಾಯಿಲೆಯ ಹೆಸರು ಬರೆಯುತ್ತಾರೆ.

ಗೆಳೆಯರೇ, ಆಸ್ಪತ್ರೆಗೆ ಹೋದಾಗ ನರ್ಸಮ್ಮನ ಮೇಲೆ ಹರಿಹಾಯುವ ಮುನ್ನ ಮಂಚ ಎಣಿಸಿ, ಕೈ ಎಣಿಸಿ. ಆ ಲೆಕ್ಕ ಹಿಡಿದು, ಅವಳನ್ನೂ ಜೊತೆಗೆ ಕರೆದುಕೊಂಡು, ಹುದ್ದೆ ಕಡಿದವರ ಬಾಗಿಲಿಗೆ ಹೋಗೋಣ.